ಪ್ರೇಕ್ಷಕರಿಲ್ಲದಿದ್ದರೆ ತವರಿನ ಬಲ ಉಳಿಯುತ್ತದೆಯೇ?

ಜನರಿಲ್ಲದ ಮೈದಾನದಲ್ಲಿ ತವರಿನ ತಂಡಕ್ಕೆ ನಿಜಕ್ಕೂ ಪೆಟ್ಟು ಬೀಳುತ್ತದೆಯೇ ಎಂದು ಕೇಳಿದ್ದೀರಿ. ಬೀಳುತ್ತದೆ, ಸಂಶಯ ಬೇಡ. ಕೋವಿಡ್‌ನಿಂದಾಗಿ 2020-21ರ ಇಂಗ್ಲೆಂಡ್‌ನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಬಹುಪಾಲು ಖಾಲಿ ಗ್ಯಾಲರಿಗಳ ಮುಂದೆ ನಡೆಯಿತು. ತವರಿನ ಗೆಲುವು 144, ಹೊರಗಿನವರದು 153. ತನ್ನ ತವರು ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಪಂದ್ಯ ಸೋಲದಿದ್ದ ಲಿವರ್‌ಪೂಲ್ ಅಲ್ಲೇ ಸಾಲಾಗಿ 6 ಸೋತಿತು. ಡಿಫೆಂಡರ್‌ಗಳ ಗಾಯವೂ ಕಾರಣ, ಅದನ್ನು ಮರೆಯಬಾರದು.

ಆದರೆ ಹೊರಗಿನವರಿಗೆ ಪ್ರಯಾಣದ ದಣಿವು, ತವರಿನವರಿಗೆ ಪರಿಚಿತ ನೆಲ ಆಗಲೂ ಇದ್ದವಲ್ಲ? ನನ್ನ ಪ್ರಕಾರ ಜನರ ಕೂಗು ಆಟಗಾರರಿಗಿಂತ ಹೆಚ್ಚು ತಟ್ಟುವುದು ರೆಫರಿಗೆ. ಖಾಲಿ ಮೈದಾನಗಳಲ್ಲಿ ಹೊರಗಿನ ತಂಡಕ್ಕೆ ರೆಫರಿ ತೋರಿಸುವ ಎಚ್ಚರಿಕೆಯ ಹಳದಿ ಕಾರ್ಡ್ ಕಡಿಮೆಯಾದವು. ನಮ್ಮ ಕಾರವಾರದ ಮಾಲಾದೇವಿ ಮೈದಾನದಲ್ಲೇ ನೋಡಿದ್ದೇನೆ: ಗೆರೆಯ ಪಕ್ಕ ನಿಂತವರೆಲ್ಲ ಒಟ್ಟಿಗೆ "ಫೌಲ್!" ಎಂದು ಕೂಗಿದರೆ ರೆಫರಿಯ ಕೈ ಸೀಟಿಗೆ ಹೋಗಿಯೇ ಬಿಡುತ್ತದೆ.