ಇಟಲಿಯ ವೈನ್ ಸೀಮೆಯಲ್ಲಿ ಏಳು ದಿನ, ಏಳು ಊರು: ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಆರಾಮಾಗಿ ಆಗುತ್ತಾ?

ಆಗುವುದಿಲ್ಲ. ನೀವು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಏಳು ದಿನಕ್ಕೆ ಏಳು ಊರು, ದಿನಕ್ಕೆ ಮೂರು ವೈನರಿ ಹಾಕಿ, ಕೆಳಗೆ "ಆರಾಮಾಗಿ" ಅಂತ ಬೇರೆ ಬರೆದಿದ್ದೀರಿ. 2018ರಲ್ಲಿ ನಾನು ಮಾಡಿದ ಪಟ್ಟಿಯೂ ಹೀಗೇ ಇತ್ತು.

ನಾನು, ಹೆಂಡತಿ, ಅಪ್ಪ, ಅಮ್ಮ. ಇಟಲಿಯ ವೈನ್ ಸೀಮೆ ಟಸ್ಕನಿಯಲ್ಲಿ ಒಂದು ವಾರ. ಫ್ಲಾರೆನ್ಸ್‌ನಲ್ಲಿ ಎರಡು ರಾತ್ರಿ ಕಳೆದು, ಊರೊಳಗೇ ಬಾಡಿಗೆ ಕಾರು ತೆಗೆದುಕೊಂಡೆ. ಹೋಟೆಲಿಗೆ ಹೋಗಿ ಲಗೇಜು ಹಾಕಿಕೊಂಡು ಹೊರಡೋಣ ಅಂತ. ಹೋಟೆಲು ಹಳೇ ಊರಿನ ನಡುವೆ.

ಇಲ್ಲೇ ಕೆಟ್ಟಿದ್ದು. ಇಟಲಿಯ ಹಳೇ ಊರುಗಳಲ್ಲಿ ಝೆಡ್‌ಟಿಎಲ್ ಅಂತ ಇರುತ್ತದೆ, ಅನುಮತಿ ಇಲ್ಲದ ಕಾರು ಒಳಗೆ ಹೋಗಬಾರದ ಜಾಗ. ಬಿಳಿ ಬೋರ್ಡು, ಕೆಂಪು ಉಂಗುರ, ಪಕ್ಕದಲ್ಲಿ ಕ್ಯಾಮೆರಾ. ತಡೆಯೋಕೆ ಗೇಟೂ ಇಲ್ಲ, ಪೊಲೀಸೂ ಇಲ್ಲ. ಫ್ಲಾರೆನ್ಸ್‌ನ ಬೋರ್ಡಿನಲ್ಲಿ "ವಾರ್ಕೊ ಅತ್ತೀವೊ" ಅಂತ ಹೊಳೆಯುತ್ತಿತ್ತು. ಹೆಂಡತಿ "ಏನ್ರೀ ಅದು?" ಅಂದಳು. "ಆ್ಯಕ್ಟಿವ್ ಅಂತೆ, ದಾರಿ ತೆರೆದಿದೆ" ಅಂದೆ, ದೊಡ್ಡ ಭಾಷಾ ಪಂಡಿತನ ಹಾಗೆ. ಅರ್ಥ ಪೂರ್ತಿ ಉಲ್ಟಾ. ಆ್ಯಕ್ಟಿವ್ ಆಗಿರುವುದು ದಾರಿಯಲ್ಲ, ಕಾವಲು. ಅಂದರೆ ಒಳಗೆ ಬರಬೇಡ ಅಂತ. "ನೋನ್ ಅತ್ತೀವೊ" ಅಂತಿದ್ದರೆ ಮಾತ್ರ ಹೋಗಬಹುದು. ಒನ್‌ವೇಗಳಲ್ಲಿ ಹೋಟೆಲು ಸಿಗದೆ ಸುತ್ತಿ ಸುತ್ತಿ ಅದೇ ಕ್ಯಾಮೆರಾ ಮುಂದೆ ಮೂರು ಸಲ ಹಾದೆ. ಒಂದೇ ತಪ್ಪು ಅಂತ ಅವರು ಲೆಕ್ಕ ಹಾಕುವುದಿಲ್ಲ. ಮೂರು ಸಲ ಹೋದರೆ ಮೂರು ದಂಡ.

ಊರಿಗೆ ಬಂದ ಮೇಲೆ ಕಾರು ಬಾಡಿಗೆಯವರು ಕಾರ್ಡಿನಿಂದ ಮೂರು ಸಲ ದುಡ್ಡು ಎಳೆದರು. ಅದೇ ದಂಡ ಅಂದುಕೊಂಡು ಸುಮ್ಮನಾದೆ. ಅದು ನನ್ನ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಅವರ ಶುಲ್ಕ! ನಿಜವಾದ ದಂಡದ ಕಾಗದ ಎಂಟು ತಿಂಗಳ ಮೇಲೆ ಬಂತು, ಒಂದೊಂದೂ ನೂರು ಯೂರೋ ಹತ್ತಿರ. ಕಾಗದ ಸಿಕ್ಕ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ. ಅದನ್ನು ಓದುವಷ್ಟರಲ್ಲಿ ಆರನೇ ದಿನ. ತಮಾಷೆ ಅಂದರೆ, ಹೋಟೆಲಿಗೆ ಕಾರಿನ ನಂಬರ್ ಮೊದಲೇ ಕೊಟ್ಟಿದ್ದರೆ ಅವರೇ ಅನುಮತಿಗೆ ಹಾಕಿಸುತ್ತಿದ್ದರು.

ದಂಡದ ವಿಷಯ ಗೊತ್ತಿಲ್ಲದೆ ಖುಷಿಯಾಗೇ ಹೊರಟೆವು. ಫ್ಲಾರೆನ್ಸ್‌ನಿಂದ ಸಿಯೆನಾಗೆ ಕಿಯಾಂಟಿ ಗುಡ್ಡಗಳ ನಡುವೆ ಎಸ್‌ಆರ್ 222 ರಸ್ತೆ ಇದೆ, ಸುಮಾರು 70 ಕಿಲೋಮೀಟರ್. ಎರಡೂ ಕಡೆ ದ್ರಾಕ್ಷಿ, ಆಲಿವ್, ಮತ್ತೆ ತಿರುವು ತಿರುವು ತಿರುವು. ಹಿಂದಿನ ಸೀಟಿನಿಂದ ಅಮ್ಮ "ನಿಧಾನ ಕಣೋ" ಅನ್ನುತ್ತಲೇ ಇದ್ದರು. ಮಧ್ಯಾಹ್ನ ಮೂರಕ್ಕೆ ದಾರಿಯಲ್ಲಿನ ಗ್ರೆವೆ ಊರು ತಲುಪಿದರೆ ಊಟದ ಹೊತ್ತು ಮುಗಿದಿತ್ತು, ಅಡುಗೆಮನೆ ಬಂದ್. ಬ್ರೆಡ್ ಕೊಂಡೆವು. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಅಮ್ಮನ ಚಟ್ನಿಪುಡಿ ಕಾಪಾಡಿತು.

ಮೂರನೇ ದಿನಕ್ಕೆ ಅಪ್ಪನ ಮಂಡಿ ಕೈಕೊಟ್ಟಿತು. ಈ ಊರುಗಳೆಲ್ಲ ಗುಡ್ಡದ ನೆತ್ತಿಯಲ್ಲಿವೆ. ಕಾರು ಕೆಳಗೆ ಬಿಟ್ಟು ಹತ್ತಬೇಕು. ಮಾಂಟೆಪುಲ್ಚಾನೊ ಅಂತೂ ಉದ್ದಕ್ಕೂ ಏರು. ಪಟ್ಟಿ ಹರಿದು ಹಾಕಿ, ಪಿಯೆಂಝಾ ಹತ್ತಿರದ ಒಂದು ತೋಟದ ಮನೆಯಲ್ಲಿ ನಾಲ್ಕು ರಾತ್ರಿ ಇದ್ದುಬಿಟ್ಟೆವು. ನೀವೂ ಅದನ್ನೇ ಮಾಡಿ. ಪಿಯೆಂಝಾದಲ್ಲಿ ಹುಟ್ಟಿದ ಪೋಪ್ ಎರಡನೇ ಪಯಸ್ 1459ರಿಂದ ಊರನ್ನೇ ಹೊಸದಾಗಿ ಕಟ್ಟಿಸಿದ. ಊರೊಳಗೆ ಹೆಚ್ಚು ಏರಿಳಿತ ಇಲ್ಲ, ವಯಸ್ಸಾದವರಿಗೆ ಒಳ್ಳೇದು. ಮಾಂಟೆಪುಲ್ಚಾನೊ, ಮಾಂಟಲ್ಚೀನೊ ಎರಡೂ ಅಲ್ಲಿಂದ ಹತ್ತಿರ.

ವೈನ್ ವಿಷಯ. ನಮ್ಮಲ್ಲಿ ಕುಡಿಯುವವನೂ ನಾನೇ, ಓಡಿಸುವವನೂ ನಾನೇ. ಓಡಿಸುವವರಿಗೆ ಅಲ್ಲಿನ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್. ದಿನಕ್ಕೆ ಮೂರು ವೈನರಿ ಅಂತ ಬರೆದಿದ್ದೀರಲ್ಲ, ಡ್ರೈವರ್ ಯಾರು? ನಾನು ಮಾಂಟಲ್ಚೀನೊದಲ್ಲಿ ಆ ಊರಿನ ಕೆಂಪು ವೈನ್ ಬ್ರುನೆಲ್ಲೊ ಒಂದು ಬಾಟಲಿ ಕೊಂಡು ಸಂಜೆ ತೋಟದಲ್ಲಿ ಕುಡಿದೆ. ಕೊಯ್ಲಾಗಿ ಐದನೇ ವರ್ಷದ ಜನವರಿವರೆಗೆ ಅದನ್ನು ಮಾರುವ ಹಾಗಿಲ್ಲ, ಹಾಗಾಗಿ ನಮಗೆ ಸಿಕ್ಕಿದ್ದು 2013ರ ಬೆಳೆ. ಬ್ಯಾಂಕಿನಲ್ಲಿ ದುಡಿದ ಅಪ್ಪನಿಗೆ ಒಂದೇ ಚಿಂತೆ: "ಐದು ವರ್ಷ ಇವರು ಬಡ್ಡಿ ಹೇಗೆ ಕಟ್ತಾರೆ?"

ಪಟ್ಟಿಯಲ್ಲಿದ್ದ ಸಾನ್ ಜಿಮಿನ್ಯಾನೊ ಊರಿನ ಹಳೇ ಗೋಪುರಗಳನ್ನು ನೋಡಲೇ ಇಲ್ಲ. ಬೇಜಾರೂ ಇಲ್ಲ.

ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಗೇರ್ ಬಲಗೈಗೆ ಬರುತ್ತದೆ, ಆಟೋಮ್ಯಾಟಿಕ್ ಕಾರನ್ನು ಬೇಗ ಬುಕ್ ಮಾಡಿ. ಫ್ಲಾರೆನ್ಸ್‌ನಲ್ಲಿ ಇರುವಷ್ಟು ದಿನ ಕಾರೇ ಬೇಡ. ಈಗ ಊರಿನಿಂದ ಏರ್‌ಪೋರ್ಟ್‌ಗೆ ಟ್ರಾಮ್ ಇದೆ, ನಾವು ಹೋದಾಗ ಇರಲಿಲ್ಲ. ಲಗೇಜು ಸಮೇತ ಅದನ್ನು ಹತ್ತಿ, ಕಾರು ಅಲ್ಲೇ ತೆಗೆದುಕೊಳ್ಳಿ.