ರಾಜಾಸೀಟಿನ ಆ ನಾಯಿಯನ್ನು ಮನೆಗೆ ತರಬಹುದಾ?

ನಾಪೋಕ್ಲಿನ ಓದುಗರೊಬ್ಬರ ಪತ್ರ: ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ಕಂದು ನಾಯಿಯೊಂದು ಬಾಲ ಆಡಿಸುತ್ತಾ ಬಂದು ನನ್ನ ಮಗಳ ಪಕ್ಕ ಕೂತಿತು. ಕೊರಳಲ್ಲಿ ಬೆಲ್ಟ್ ಇರಲಿಲ್ಲ. ಮನೆಗೆ ತರೋಣ ಅಂತ ಮಗಳ ಹಟ. ‘ಬೆರಕೆ ನಾಯಿ, ಸ್ವಭಾವ ಹೇಳೋಕಾಗಲ್ಲ’ ಅಂತಾರೆ ನಮ್ಮವರು. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮವರ ಅನುಮಾನ ತುಂಬ ಜನರಿಗಿದೆ. ಆದರೆ ತಳಿ ಗೊತ್ತಿದ್ದರೂ ಸ್ವಭಾವ ಹೇಳುವುದು ಕಷ್ಟವೇ. ಅಮೆರಿಕದ ಸಂಶೋಧಕರು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ! ಹುಟ್ಟಿದ 3ರಿಂದ 12 ವಾರದೊಳಗೆ ಮರಿ ಎಂಥ ಜನರ ನಡುವೆ ಇತ್ತು ಅನ್ನುವುದು ತುಂಬ ಮುಖ್ಯ. ನೀವು ಕಂಡ ನಾಯಿಗೆ ಯಾರೋ ಪ್ರೀತಿಯಿಂದ ಅನ್ನ ಹಾಕಿರಬೇಕು.

ಮೊದಲು ಅವರನ್ನು ಹುಡುಕಿ. ತೋಟ ನೋಡಿಕೊಳ್ಳುವವರನ್ನು, ಹೊರಗೆ ಚುರುಮುರಿ ಮಾರುವವರನ್ನು ಕೇಳಿ. ಕಿವಿಯನ್ನೂ ನೋಡಿ. ಅಂಚಿನಲ್ಲಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಆಪರೇಷನ್ ಆಗಿದೆ ಅಂತ. ಅಂಥ ನಾಯಿಗಳನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅನ್ನುತ್ತದೆ ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ ಮಾಡಿದ 2023ರ ನಿಯಮ. ಸಾಕುವವರು ಅಲ್ಲೇ ಇದ್ದರೆ, ದಯವಿಟ್ಟು ಅದನ್ನು ಕಾರಿಗೆ ಹತ್ತಿಸಬೇಡಿ.

ಮಗಳಿಗೆ ಒಂದು ಮಾತು ಹೇಳಿಕೊಡಿ. ತಲೆಯ ಮೇಲೆ ಥಟ್ಟನೆ ಕೈ ಇಡಬಾರದು. ಎದೆಯನ್ನೋ ಕತ್ತಿನ ಪಕ್ಕವನ್ನೋ ಸ್ವಲ್ಪ ಸವರಿ ಕೈ ತೆಗೆಯಲಿ. ನಾಯಿ ಮತ್ತೆ ಒತ್ತಿಕೊಂಡು ಬಂದರೆ ಸರಿ. ಮುಖ ತಿರುಗಿಸಿತು, ತುಟಿ ನೆಕ್ಕಿಕೊಂಡಿತು ಅಂದರೆ ಸಾಕು ಅಂತ. ಎಷ್ಟೇ ಪಾಪದ ನಾಯಿಯಾದರೂ ಹಲ್ಲು ತಾಗಿದರೆ, ಗೀರಿದರೆ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ.

ಯಾರೂ ದಿಕ್ಕಿಲ್ಲ ಅಂತ ಖಾತ್ರಿಯಾದರೆ ಸಂತೋಷದಿಂದ ಕರೆದುಕೊಂಡು ಹೋಗಿ. ನೇರ ಪಶುವೈದ್ಯರ ಹತ್ತಿರ: ರೇಬಿಸ್ ಲಸಿಕೆ, ಜಂತುಹುಳದ ಔಷಧಿ, ಉಣ್ಣಿಗೂ ಔಷಧಿ. ಕಾಫಿ ತೋಟದಲ್ಲಿ ಓಡಾಡುವ ನಾಯಿಗೆ ಉಣ್ಣಿ ಜ್ವರದ ಭಯ ಜಾಸ್ತಿ. ಇನ್ನೊಂದು, ನಿಮಗೂ ಗೊತ್ತಿರುವುದೇ, ಚಿರತೆ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಬಿಟ್ಟ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ. ಮನೆಯೊಳಗೆ ಅಥವಾ ಗಟ್ಟಿ ಗೂಡಿನಲ್ಲಿ ಮಲಗಿಸಲು ಆಗುತ್ತಾ? ಆಗುವುದಿಲ್ಲ ಅಂದರೆ ಅದು ಮಡಿಕೇರಿಯಲ್ಲೇ ಇರಲಿ. ಅನ್ನ ಹಾಕುವವರ ಜೊತೆ ಸೇರಿ ವರ್ಷ ವರ್ಷದ ಲಸಿಕೆಯ ಖರ್ಚನ್ನು ನೀವು ವಹಿಸಿಕೊಳ್ಳಿ, ಚುಚ್ಚಿಸುವ ದಿನ ಮಗಳನ್ನೂ ಕರೆದುಕೊಂಡು ಬನ್ನಿ.