ಮೊದಲ ರೇಸ್ ಗೆದ್ದವರೇ ಚಾಂಪಿಯನ್ನಾ?

ಪ್ರಶ್ನೆ: ನಾವು ನಾಲ್ಕೈದು ಜನ ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತೇವೆ. ಸೀಸನ್‌ನ ಮೊದಲ ರೇಸ್ ಗೆದ್ದವರೇ ಚಾಂಪಿಯನ್ ಆಗೋದು ಅಂತ ಒಬ್ಬ ಹಟ ಹಿಡಿದಿದ್ದಾನೆ. ನಿಜವೇ ಸಾರ್?
— ಓದುಗ, ಮೂಡಿಗೆರೆ

ಉತ್ತರ: ನಿಮ್ಮ ಗೆಳೆಯರು ಈಚಿನ ವರ್ಷ ಮಾತ್ರ ನೋಡಿರಬೇಕು. 2023, 2024ರಲ್ಲಿ ವರ್‌ಸ್ಟಾಪನ್, 2025ರಲ್ಲಿ ನಾರಿಸ್, ಇಬ್ಬರೂ ಮೊದಲ ರೇಸೂ ಗೆದ್ದರು, ಪಟ್ಟವನ್ನೂ ಹೊಡೆದರು. ಆದರೆ 2017ರಿಂದ 2022ರವರೆಗೆ ಒಂದು ಸಲವೂ ಹಾಗಾಗಲಿಲ್ಲ! 2017, 2018ರಲ್ಲಿ ಮೊದಲ ರೇಸ್ ನಡೆದ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗೆದ್ದಿದ್ದು ವೆಟೆಲ್, ಚಾಂಪಿಯನ್ ಆಗಿದ್ದು ಹ್ಯಾಮಿಲ್ಟನ್. 2022ರದ್ದಂತೂ ಮಜಾ: ಮೊದಲ ರೇಸ್ ಬಹ್ರೇನ್‌ನಲ್ಲಿ, ಲೆಕ್ಲರ್ಕ್ ಗೆದ್ದರು, ವರ್‌ಸ್ಟಾಪನ್ ಕಾರು ಕೊನೇ ಲ್ಯಾಪ್‌ಗಳಲ್ಲಿ ಕೈಕೊಟ್ಟು ಒಂದು ಪಾಯಿಂಟೂ ಸಿಗಲಿಲ್ಲ, ಆದರೂ ವರ್ಷದ ಕೊನೆಗೆ ಪಟ್ಟ ಅವರದ್ದೇ. ಇಪ್ಪತ್ತಕ್ಕೂ ಜಾಸ್ತಿ ರೇಸ್ ಇರುವಾಗ ಒಂದು ಭಾನುವಾರದ ಲೆಕ್ಕ ಎಷ್ಟು, ಹೇಳಿ? ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್ ಬೇರೆ, ಕೆರೆ ಸುತ್ತಲಿನ ಪಾರ್ಕ್ ರಸ್ತೆ. ವರ್ಷವಿಡೀ ರೇಸ್ ನಡೆಯುವ ಟ್ರ್ಯಾಕ್ ಅಲ್ಲವಲ್ಲ, ಶುರುವಿನಲ್ಲಿ ಧೂಳು, ಜಾರು. 2025ರಲ್ಲಿ ಮಳೆಯೂ ಸೇರಿಕೊಂಡು ಹಜಾರ್ ಅನ್ನೋ ಡ್ರೈವರ್ ರೇಸ್ ಶುರುವಾಗೋ ಮುಂಚಿನ ವಾರ್ಮ್‌ಅಪ್ ಸುತ್ತಿನಲ್ಲೇ ಗೋಡೆಗೆ ಗುದ್ದಿಕೊಂಡರು, ಪಾಪ.

ಪ್ರಶ್ನೆ: ಮೆಲ್ಬರ್ನ್ ರೇಸ್ ಟಿವಿಯಲ್ಲಿ ನೋಡೋಕೆ ಬೆಳಗಿನ ಜಾವ ಏಳಬೇಕಾ?
— ಓದುಗಿ, ಸಕಲೇಶಪುರ

ಉತ್ತರ: ಬೇಡಮ್ಮ. ಮಾರ್ಚ್‌ನಲ್ಲಿ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ 3 ಅಂದರೆ ನಮಗೆ ಬೆಳಿಗ್ಗೆ 9.30, ಆರಾಮಾಗಿ ಕಡುಬು ತಿಂದು ಕೂತುಕೊಳ್ಳಿ. ಕರೆಂಟ್ ಹೋದರೆ ಮಾತ್ರ ನನ್ನನ್ನು ಕೇಳಬೇಡಿ.